ಕಿವುಡನ ಮುಂದೆ ಕರ್ತನು ಮಾಡಿದ್ದೇನು?

ಯೌವನಸ್ಥರ ವಾಕ್ಯಾಧ್ಯಯನ
ಓದಬೇಕಾದ ವಾಕ್ಯಭಾಗ: ಮಾರ್ಕ 7:31-37, ಯಾಜಕಕಾಂಡ 19:14, ಜ್ಞಾನೋಕ್ತಿ 31:8-9



ನಿಮ್ಮಲ್ಲಿ ಬಹಳ ಜನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು. ಓದಿಗೋ ಕೆಲಸಕ್ಕೋ ಪಟ್ಟಣ ಸೇರಿದ್ದೀರಿ. ಈಗ ನಿಮ್ಮ ಊರಲ್ಲಿ ಕಿವಿ ಕೇಳಿಸದ ಒಬ್ಬರನ್ನ ನೆನಪು ಮಾಡ್ಕೊಳ್ಳಿ. ಅವರ ಹೆಸರೇನು? ಎಷ್ಟೋ ಜನಕ್ಕೆ ಹೆಸರು ಗೊತ್ತೇ ಇರಲ್ಲ. "ಕೆಪ್ಪ", "ಮೂಗಿ" ಅಂತಲೇ ಕರೆದು ರೂಢಿ. ಯಾಜಕಕಾಂಡ 19:14 ನೋಡ್ರಿ. ಕಿವುಡನನ್ನು ಶಪಿಸಬೇಡ ಅಂತ ದೇವರು ಆಜ್ಞೆ ಕೊಟ್ಟ. ಅವನಿಗೆ ಕೇಳಿಸಲ್ಲ, ತಿರುಗಿ ಮಾತಾಡಕ್ಕೂ ಆಗಲ್ಲ ಅನ್ನೋ ಧೈರ್ಯ ನಮ್ಮದು. ಆದರೆ ದೇವರಿಗೆ ಕೇಳಿಸ್ತದೆ. ಅದಕ್ಕೇ ಆ ವಚನ ದೇವರ ಭಯದ ಮಾತಿನಿಂದಲೇ ಮುಗಿಯುತ್ತದೆ.

2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನ ನಮ್ಮ ಸಭೆಗಳಲ್ಲಿದ್ದಾರೆ? ಬಂದು ಕೂತವರಿಗಾದರೂ ವಾಕ್ಯ ಎಷ್ಟು ತಲುಪ್ತಾ ಇದೆ?

1. ಕರ್ತನು ಅವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದನು

ದೆಕಪೊಲಿ ಸೀಮೆಯಲ್ಲಿ ಜನರು ಒಬ್ಬ ಕಿವುಡನನ್ನು ಯೇಸುವಿನ ಹತ್ತಿರ ತಂದು, ಕೈ ಇಡಬೇಕೆಂದು ಬೇಡಿಕೊಂಡರು. ಕರ್ತನು ಗುಂಪಿನ ಮಧ್ಯೆ ಅವನನ್ನು ನಿಲ್ಲಿಸಿ ಪ್ರದರ್ಶನ ಮಾಡಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋದನು. ಕಿವಿಗಳಲ್ಲಿ ಬೆರಳಿಟ್ಟನು, ನಾಲಿಗೆ ಮುಟ್ಟಿದನು, ಆಕಾಶದ ಕಡೆ ನೋಡಿ ನಿಟ್ಟುಸಿರಿಟ್ಟನು. ಆಮೇಲೆಯೇ "ಎಪ್ಫಥಾ" ಎಂಬ ಮಾತು. ಗಮನಿಸಿ: ಮಾತಿಗೆ ಮೊದಲು ಕರ್ತನು ಮಾಡಿದ್ದೆಲ್ಲ ಕಿವುಡನ ಕಣ್ಣಿಗೆ ಕಾಣುವಂಥದ್ದು, ಮೈಗೆ ತಾಕುವಂಥದ್ದು. ಅವನಿಗೆ ತಿಳಿಯುವ ರೀತಿಯಲ್ಲೇ ಅವನ ಹತ್ತಿರ ಬಂದನು.

ಲೂಕ 1ರಲ್ಲೂ ಇದೆ. ಮಗುವಿಗೆ ಏನು ಹೆಸರಿಡಬೇಕು ಅಂತ ಜನ ಜಕರೀಯನನ್ನು ಸನ್ನೆಯಿಂದ ಕೇಳಿದರು. ಅವನು ಹಲಗೆಯ ಮೇಲೆ ಬರೆದು ಉತ್ತರ ಕೊಟ್ಟನು. ಸನ್ನೆ, ಬರಹ ಎರಡೂ ಸತ್ಯವೇದದಲ್ಲೇ ಇವೆ.

2. ಗುಣವಾಗಿಲ್ಲ ಅಂದ್ರೆ ನಂಬಿಕೆ ಇಲ್ಲ ಅಂತಲ್ಲ

ಕರ್ತನು ಇಂದಿಗೂ ಗುಣಪಡಿಸುತ್ತಾನೆ. ಅದನ್ನ ನಂಬ್ತೇವೆ, ಅದಕ್ಕಾಗಿ ಪ್ರಾರ್ಥಿಸ್ತೇವೆ. ಹಲ್ಲೆಲೂಯ! ಆದರೆ ಪ್ರಾರ್ಥನೆ ಆದಮೇಲೂ ಕಿವಿ ಕೇಳಿಸದಿದ್ದರೆ ಪಾಪ ಹುಡುಕುವ ಅಧಿಕಾರ ನಮಗಿಲ್ಲ. ಯೋಹಾನ 9:3ರಲ್ಲಿ ಕರ್ತನೇ ಆ ಪ್ರಶ್ನೆಗೆ ಬಾಗಿಲು ಹಾಕಿದ್ದಾನೆ. ಕನ್ನಡಕ ಹಾಕಿಕೊಂಡೇ ನಾವು ಪ್ರಾರ್ಥನೆ ಮಾಡ್ತೀವಿ. ಹಾಗಿದ್ದಮೇಲೆ ನಂಬಿಕೆ ತೋರಿಸು ಅಂತ ಒಬ್ಬ ಹುಡುಗಿಯ ಹಿಯರಿಂಗ್ ಏಡ್ ಯಾಕೆ ತೆಗೆಸಬೇಕು?

ಇನ್ನೊಂದು ಮಾತು. ಮಗು ಸದ್ದಿಗೆ ಬೆಚ್ಚಲ್ಲ, ಕರೆದ್ರೆ ತಿರುಗಲ್ಲ ಅಂದ್ರೆ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಅಂತ ಕಾಯಬೇಡಿ. ಹುಟ್ಟಿದ 1 ತಿಂಗಳಲ್ಲಿ ಮೊದಲ ತಪಾಸಣೆ, 3 ತಿಂಗಳಲ್ಲಿ ಪೂರ್ಣ ಪರೀಕ್ಷೆ, 6 ತಿಂಗಳೊಳಗೆ ಚಿಕಿತ್ಸೆ-ತರಬೇತಿ ಶುರು. ಇದು ತಜ್ಞರು ಹೇಳುವ ಲೆಕ್ಕ. ಆ ವಯಸ್ಸು ದಾಟಿದ್ದರೂ ಇವತ್ತೇ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡ್ತಾ ಇದೆ. ಹತ್ತಿರದ ರಕ್ತಸಂಬಂಧದ ಮದುವೆಯಿಂದ ಹುಟ್ಟು ಕಿವುಡುತನದ ಅಪಾಯ ಹೆಚ್ಚುತ್ತದೆ ಅನ್ನೋದೂ ಮದುವೆ ಮಾತುಕತೆಗೆ ಮೊದಲೇ ನಮ್ಮ ಯೌವನಸ್ಥರಿಗೆ ಗೊತ್ತಿರಲಿ.

3. ಕೇಳದವರಿಗೆ ನಂಬಿಕೆ ಹೇಗೆ?

ರೋಮಾಪುರದವರಿಗೆ 10:17ರಲ್ಲಿ ನಂಬಿಕೆ ಕೇಳುವುದರಿಂದ ಬರುತ್ತದೆ ಅಂತ ಇದೆಯಲ್ಲಾ, ಕಿವುಡರ ಗತಿ ಏನು ಅಂತ ಕೆಲವರು ಕೇಳ್ತಾರೆ. ಮುಂದಿನ ವಚನವನ್ನೂ ಓದಿ. ಅಲ್ಲಿ ಪೌಲನು 19ನೇ ಕೀರ್ತನೆಯ ಮಾತನ್ನು ಎತ್ತಿಕೊಳ್ಳುತ್ತಾನೆ. ಆ ಕೀರ್ತನೆಯಲ್ಲಿ ಆಕಾಶವು ಶಬ್ದವಿಲ್ಲದೆ, ನುಡಿಯಿಲ್ಲದೆ ದೇವರ ಮಹಿಮೆ ಸಾರುತ್ತದೆ. ಆದರೂ ಅದರ ಸಂದೇಶ ಭೂಮಿಯ ಕೊನೆ ಮುಟ್ಟುತ್ತದೆ. ಸುವಾರ್ತೆ ಕಣ್ಣಿನ ದಾರಿಯಿಂದಲೂ ಹೃದಯಕ್ಕೆ ಹೋಗ್ತದೆ.

1 ಕೊರಿಂಥ 14 ನಮಗೆ ಚೆನ್ನಾಗಿ ಗೊತ್ತಿರೋ ಅಧ್ಯಾಯ. ಅನ್ಯಭಾಷೆಗೆ ಅರ್ಥ ಹೇಳುವವರಿಲ್ಲದಿದ್ದರೆ ಸಭೆಗೆ ಭಕ್ತಿವೃದ್ಧಿ ಇಲ್ಲ ಅಂತ ಪೌಲನು ಕಲಿಸ್ತಾನೆ. ಕಿವುಡ ಸಹೋದರನಿಗೆ ನಮ್ಮ ಇಡೀ ಪ್ರಸಂಗವೇ ಅರ್ಥ ಹೇಳುವವರಿಲ್ಲದ ಭಾಷೆ. ಭಾನುವಾರ ಪೂರ್ತಿ ಅವನು ನಮ್ಮ ಬಾಯಿ ಅಲ್ಲಾಡೋದನ್ನ ನೋಡಿ ಮನೆಗೆ ಹೋಗ್ತಾನೆ.

4. ಪರವಾಗಿ ನಿಲ್ಲಿ, ಬಾಯಿ ಮುಚ್ಚಿಸಬೇಡಿ

ಮಾತಾಡಲಾರದವರಿಗಾಗಿ ಬಾಯಿ ತೆರೆಯಬೇಕೆಂದು ಜ್ಞಾನೋಕ್ತಿ 31:8 ಹೇಳುತ್ತದೆ. ಅಂದ್ರೆ ಯಾವಾಗಲೂ ಅವರ ಬದಲಿಗೆ ನಾವೇ ಮಾತಾಡೋದಾ? ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರನ್ನ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಅವರು ಸನ್ನೆ ಭಾಷೆಯ ದುಭಾಷಿಯ ಮೂಲಕ ಹಾಜರಾದರು. ಅವರಿಗೆ ಜ್ಞಾನ ಮೊದಲೇ ಇತ್ತು, ಓದು ಇತ್ತು. ಬೇಕಾಗಿದ್ದು ಒಬ್ಬ ದುಭಾಷಿ ಮತ್ತು ಒಂದು ಅವಕಾಶ. ನ್ಯಾಯಾಲಯ ಕೊಟ್ಟ ಅವಕಾಶ ದೇವರ ಸಭೆ ಕೊಡಬೇಡವಾ?

ಹಕ್ಕುಗಳನ್ನೂ ತಿಳ್ಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ದವರು ಕಿವುಡರು. 60ರಿಂದ 70 ಇದ್ದವರು ಮಂದಶ್ರವಣದವರು. ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗಿರುವ 4% ಮೀಸಲಾತಿಯಲ್ಲಿ 1% ಈ ಇಬ್ಬರಿಗೆ. ಕಡಿಮೆ ಆದಾಯದವರಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಹಿಯರಿಂಗ್ ಏಡ್ ಸಿಗುತ್ತದೆ. ಹಳ್ಳಿಯ ತಾಯಿಗೆ ಇದು ಯಾರು ಹೇಳಬೇಕು? ಮೊಬೈಲ್ ಕೈಯಲ್ಲಿರೋ ನೀವೇ.

ಈ ವಾರ ಮಾಡಬೇಕಾದದ್ದು

- ಊರಿನ ಆ ಒಬ್ಬರ ಹೆಸರು ಕೇಳಿ ತಿಳ್ಕೊಳ್ಳಿ. ಹೆಸರಿಡಿದು ಪ್ರಾರ್ಥಿಸಿ. ಊರಿಗೆ ಹೋದಾಗ ಅವರ ಮನೆಗೆ ಹೋಗಿ.
- ಅವರಿಗೆ ಯುಡಿಐಡಿ ಕಾರ್ಡ್ ಇದೆಯಾ ವಿಚಾರಿಸಿ. ಇಲ್ಲದಿದ್ದರೆ ಆನ್‌ಲೈನ್ ಅರ್ಜಿ ಹಾಕಿಕೊಡಿ, ಪರೀಕ್ಷೆಯ ದಿನ ಜೊತೆಗೆ ಹೋಗಿ.
- ಮಾತಾಡುವಾಗ ಮುಖ ಕಾಣುವ ಹಾಗೆ, ಬೆಳಕಲ್ಲಿ ನಿಂತು ನಿಧಾನ ಮಾತಾಡಿ. ಕೂಗಬೇಡಿ.
- ಹಾಡು, ವಚನ, ಪ್ರಸಂಗದ ಮುಖ್ಯಾಂಶ ಸ್ಕ್ರೀನ್ ಮೇಲೆ ಬರಲಿ. ಇದು ಮೀಡಿಯಾ ತಂಡದ ಸೇವೆ.
- ಇಬ್ಬರಾದರೂ ಭಾರತೀಯ ಸನ್ನೆ ಭಾಷೆ ಕಲಿಯಲು ಮುಂದೆ ಬನ್ನಿ. ದೆಹಲಿಯ ಸನ್ನೆ ಭಾಷಾ ಸಂಶೋಧನಾ ಕೇಂದ್ರದ ವಿಡಿಯೋ ನಿಘಂಟಿನಲ್ಲಿ 10,000 ಪದಗಳಿವೆ.
- ವಾದ್ಯ ನುಡಿಸುವ ತಮ್ಮಂದಿರೇ, ಸೌಂಡ್ ತಗ್ಗಿಸಿ. ವಾರಕ್ಕೆ 40 ಗಂಟೆ, 80 ಡೆಸಿಬಲ್: ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಇದು. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಮುಗೀತವೆ. ಇಯರ್‌ಫೋನಿಗೂ ಇದೇ ಲೆಕ್ಕ.

ಪ್ರಾರ್ಥನೆ ಮಾಡೋಣ. ಕರ್ತನೇ, ಕಿವುಡರನ್ನು ನೀನು ಪಕ್ಕಕ್ಕೆ ಕರೆದ ಹಾಗೆ ಅವರಿಗಾಗಿ ಸಮಯ ಕೊಡಲು ನಮಗೆ ಕಲಿಸು. ಕೇಳಿಸಿಯೂ ಕೇಳದಂತಿರುವ ನಮ್ಮ ಕಿವಿಗಳಿಗೂ "ಎಪ್ಫಥಾ" ಎಂದು ಹೇಳು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.