ಬೆಟ್ಟಕ್ಕೆ ಹೊರಡುವ ಮುನ್ನ: ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಭಕ್ತಾದಿಗಳಿಗೆ

ಶ್ರೀ ಮಲೆ ಮಹದೇಶ್ವರ ಸ್ವಾಮಿಯ ಸನ್ನಿಧಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಿಂದ ಬರುವ ಭಕ್ತಾದಿಗಳು ಬಹಳ. ಆ ಕಡೆಯ ಊರುಗಳಲ್ಲಿ ಮಾದೇಶ, ಮಾದೇವ, ಮಾದಮ್ಮ ಎಂಬ ಹೆಸರಿಲ್ಲದ ಬೀದಿ ಸಿಗುವುದು ಅಪರೂಪ. ಗದ್ದೆ ಕುಯ್ಲಾದ ಮೇಲೆ, ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಹರಕೆ ತೀರಿಸಿದ ಹಾಗೂ ಆಯ್ತು, ಬೆಟ್ಟಗುಡ್ಡ ನೋಡಿಕೊಂಡು ಬಂದ ಹಾಗೂ ಆಯ್ತು ಅಂತ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದು ವಾಡಿಕೆ.

ಆದರೆ ಹಿಂದಿನ ದಿನ ಸಂಜೆ ಟೆಂಪೋಗೆ ಹೇಳಿ, ಮುತ್ತತ್ತಿ, ಗಗನಚುಕ್ಕಿ, ಭರಚುಕ್ಕಿ, ತಲಕಾಡು, ಬೆಟ್ಟ ಎಲ್ಲವನ್ನೂ ಒಂದೇ ದಿನದೊಳಗೆ ತುಂಬಿಸಿದರೆ ಯಾವುದೂ ನೆಟ್ಟಗೆ ಆಗುವುದಿಲ್ಲ. ಮಂಡಿನೋವಿನ ಅಜ್ಜಿ ಗಾಡಿಯಲ್ಲೇ ಕೂತಿರ್ತಾರೆ. ಹುಡುಗರು ಅವಸರದಲ್ಲಿ ಹೊಳೆಗೆ ಇಳೀತಾರೆ. ಡ್ರೈವರು ನಿದ್ದೆಗೆಟ್ಟು ರಾತ್ರಿ ಹೊತ್ತು ಘಾಟಿ ಇಳಿಸಬೇಕಾಗ್ತದೆ. ಇದರಲ್ಲಿ ಒಂದು ತಪ್ಪಿದರೂ ಯಾತ್ರೆ ಹೋದ ಮನೆಗೆ ದುಃಖ ಬರುತ್ತದೆ. ಆದ್ದರಿಂದ ಯಾತ್ರೆಯನ್ನು ಹೂಡುವಾಗ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂದು ಮೊದಲು ನೋಡಿಕೊಳ್ಳಬೇಕು. ಅವರಿಗೆ ಆಗುವಷ್ಟೇ ಆ ಯಾತ್ರೆಯ ಅಳತೆ.

ದಾರಿಯ ಲೆಕ್ಕ

ಮದ್ದೂರಿನಿಂದ ಕೆ.ಎಂ. ದೊಡ್ಡಿ, ಮಳವಳ್ಳಿ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಶ್ರೀ ಕ್ಷೇತ್ರಕ್ಕೆ ಸುಮಾರು 130 ಕಿ.ಮೀ. ಆಗುತ್ತದೆ. ಮಂಡ್ಯದವರು ನೇರವಾಗಿ ಮಳವಳ್ಳಿಗೆ ಬಂದು ಇದೇ ದಾರಿ ಸೇರಬಹುದು. ಕೊಳ್ಳೇಗಾಲದವರೆಗೆ ಬಯಲು ರಸ್ತೆ. ಅಲ್ಲಿಂದ ಮುಂದೆ ಗುಡ್ಡಗಳು ಹತ್ತಿರವಾಗುತ್ತವೆ. ತಾಳಬೆಟ್ಟದಿಂದ ಸನ್ನಿಧಿಗೆ ಇರುವ ಸುಮಾರು 18 ಕಿ.ಮೀ. ಪೂರ್ತಿ ಕಾಡು ಮತ್ತು ತಿರುವು. ಬಯಲಿನಲ್ಲಿ 18 ಕಿ.ಮೀ. ಎಂದರೆ ಇಪ್ಪತ್ತು ನಿಮಿಷ. ಇಲ್ಲಿ ಆ ಲೆಕ್ಕ ಹಾಕಬಾರದು. ಮದ್ದೂರಿನಿಂದ ಎಲ್ಲೂ ನಿಲ್ಲದೆ ಬಂದರೂ ನಾಲ್ಕು ಗಂಟೆ ಹಿಡಿದುಕೊಳ್ಳುವುದು ಒಳ್ಳೆಯದು.

ಈ ದಾರಿಗೆ ಒಂದು ಹಳೆಯ ವಿಷಯವೂ ಇದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಳವಳ್ಳಿಯ ಭಕ್ತ ಕಾವೇರಿ ದಾಟಿದನೆಂದರೆ ಮೈಸೂರು ಸೀಮೆ ಮುಗಿದು ಮದರಾಸು ಸೀಮೆಗೆ ಕಾಲಿಟ್ಟ ಹಾಗೆ. ಆದರೂ ಮಾದಪ್ಪನ ಒಕ್ಕಲು ಎರಡು ದಡದಲ್ಲೂ ಒಂದೇ ಆಗಿತ್ತು.

ಸರ್ಕಾರಿ ಬಸ್ಸಿನಲ್ಲಿ ಬರುವವರು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿಕೊಳ್ಳಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಮರೆಯದೆ ತರಬೇಕು.

ಯಾವ ಕಾಲ ಒಳ್ಳೆಯದು

ಜಲಪಾತದ ಕಾಲ ಬೇರೆ, ಬೆಟ್ಟದ ಕಾಲ ಬೇರೆ. ಗಗನಚುಕ್ಕಿ, ಭರಚುಕ್ಕಿ ತುಂಬುವುದು ಕೊಡಗು ಮತ್ತು ವಯನಾಡಿನ ಮಳೆಗೆ, ಅಂದರೆ ಜುಲೈ, ಆಗಸ್ಟ್ ತಿಂಗಳಲ್ಲಿ. ಆಗ ಮಳವಳ್ಳಿ ಹೊಲಗಳಲ್ಲಿ ಮಳೆ ಇಲ್ಲದೆ ಇದ್ದರೂ ಜಲಪಾತ ಭೋರ್ಗರೆಯುತ್ತಿರುತ್ತದೆ. ಈ ಮಲೆಗಳಿಗೆ ಚೆನ್ನಾಗಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ದಸರಾ ಕಳೆದು ಕಾರ್ತಿಕ ಬರುವಾಗ ಎಪ್ಪತ್ತೇಳು ಮಲೆಯೂ ಹಸಿರಾಗಿ, ಬೆಳಗಿನ ಮಂಜಿನಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ ಬಂದರೆ ಜಲಪಾತದಲ್ಲಿ ನೀರೂ ಇರುವುದುಂಟು, ಬೆಟ್ಟವೂ ಹಸಿರು. ಫೆಬ್ರವರಿಯಿಂದ ಯುಗಾದಿವರೆಗೆ ಕಾಡು ಒಣಗಿ ಬೆಂಕಿಯ ಭಯ ಇರುತ್ತದೆ.

ಶಿವರಾತ್ರಿ, ಯುಗಾದಿ, ದೀಪಾವಳಿ, ಮಹಾಲಯ ಅಮಾವಾಸ್ಯೆ, ಹಾಗೂ ತಿಂಗಳ ಅಮಾವಾಸ್ಯೆಗಳಲ್ಲಿ ಜನಸಾಗರ. ಆ ದಿನಕ್ಕೇ ಹರಕೆ ಇದ್ದವರು ಬರಲೇಬೇಕು. ಹಾಗೆ ಕಟ್ಟು ಇಲ್ಲದವರು, ವಯಸ್ಸಾದವರನ್ನು ಕರೆತರುವವರು ಬೇರೆ ವಾರದ ದಿನ ಆರಿಸಿಕೊಂಡರೆ ದರ್ಶನವೂ ನಿಧಾನವಾಗಿ ಆಗುತ್ತದೆ, ಕೊಠಡಿಯೂ ಸಿಗುತ್ತದೆ. ಸೋಮವಾರವೂ ಜನ ಜಾಸ್ತಿ.

ಹೊಳೆಯ ವಿಚಾರದಲ್ಲಿ ಎಚ್ಚರ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಶಿವನಸಮುದ್ರ, ಮುತ್ತತ್ತಿ ಕಡೆ ಕಾವೇರಿ ನೋಡಲು ಸೌಮ್ಯ, ಒಳಗೆ ಸುಳಿ ಮತ್ತು ಬಂಡೆ. ತಿರುಮಕೂಡಲಿನಲ್ಲಿ ಕಪಿಲೆ ಕೂಡಿಕೊಂಡ ಮೇಲೆ ಬರುವ ನೀರು ಇದು. ಕನ್ನಂಬಾಡಿಯಿಂದಾಗಲಿ ಕಬಿನಿಯಿಂದಾಗಲಿ ನೀರು ಬಿಟ್ಟರೆ, ತಲೆ ಮೇಲೆ ಬಿಸಿಲಿದ್ದರೂ ಕಾಲ ಕೆಳಗೆ ಹೊಳೆ ಏರುತ್ತದೆ. ಮೋಡ ನೋಡಿ ಹೊಳೆಯನ್ನು ಅಳೆಯಲಾಗದು.

ಮಂಡ್ಯದ ರೈತನಿಗೆ ಕನ್ನಂಬಾಡಿ ಕಟ್ಟೆಯ ಮಟ್ಟ ಬಾಯಿಪಾಠ. ನಾಲೆಗೆ ನೀರು ಬರುತ್ತೋ ಇಲ್ಲವೋ ಎಂದು ದಿನಾ ಪೇಪರಿನಲ್ಲಿ ಅದನ್ನೇ ಮೊದಲು ನೋಡುವುದು. ಯಾತ್ರೆಗೆ ಹೊರಡುವ ದಿನವೂ ನೋಡಬೇಕು. ಮಟ್ಟ 124.80 ಅಡಿಯ ಹತ್ತಿರ ಇದ್ದು ಹೊರಹರಿವು ಹೆಚ್ಚಿದ್ದರೆ ಜಲಪಾತವನ್ನು ದೂರದಿಂದ ನೋಡಿ ಕೈ ಮುಗಿಯಬೇಕು, ನೀರಿನ ಹತ್ತಿರ ಹೋಗಬಾರದು. ಶಿವನಸಮುದ್ರದಲ್ಲಿ ಸುಮಾರು ಇನ್ನೂರು ವರ್ಷ ನಿಂತಿದ್ದ ಕಲ್ಲುಕಂಬದ ಹಳೆ ಸೇತುವೆಯೇ 2018ರ ಪ್ರವಾಹಕ್ಕೆ ಸಿಕ್ಕಿ ಕುಸಿಯಿತು. ಆ ನೀರಿನ ಮುಂದೆ ಈಜು ಬಲ್ಲ ಹುಡುಗನ ಧೈರ್ಯ ಎಷ್ಟರದು? ಪುಣ್ಯಸ್ನಾನದ ಆಸೆ ಇದ್ದವರು ದಡದಲ್ಲಿ ಕೂತು ಚೊಂಬಿನಲ್ಲಿ ತಲೆಗೆ ಹೊಯ್ದುಕೊಂಡರೆ ಸಾಕು.

ಮಾದರಿಗೆ ಒಂದು ಯಾತ್ರೆ

ಮದ್ದೂರು ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳೋಣ. ಎಪ್ಪತ್ತು ವರ್ಷದ ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು, ಒಬ್ಬ ಮೈದುನ. ಒಟ್ಟು ಆರು ಜನ, ಎರಡು ದಿನ.

ಮೊದಲನೇ ದಿನ ಬೆಳಿಗ್ಗೆ ಆರು ಗಂಟೆಗೆ ಹೊರಡುವುದು. ಮಕ್ಕಳಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಎರಡು ಇಡ್ಲಿ ಸಾಕು; ಮದ್ದೂರು ವಡೆ ಕಟ್ಟಿಸಿಕೊಂಡಿದ್ದರೆ ಘಾಟಿ ಹತ್ತಿದ ಮೇಲೆ ತಿನ್ನಲಿ. ಮಳವಳ್ಳಿ ದಾಟಿ ಗಗನಚುಕ್ಕಿ. ಅಲ್ಲಿ ಗಾಡಿ ನಿಲ್ಲಿಸುವ ಜಾಗದಿಂದ ನೋಡುವ ಕಟ್ಟೆ ಹತ್ತಿರ, ಆದ್ದರಿಂದ ಅಜ್ಜಿಗೂ ಕಾಣುತ್ತದೆ. ಮಕ್ಕಳಿಗೆ ಹೇಳುವ ವಿಷಯವೂ ಇದೆ: ಈ ನೀರಿನಿಂದಲೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಭರಚುಕ್ಕಿಯಲ್ಲಿ ಕೆಳಗೆ ಇಳಿಯಲು ಮೆಟ್ಟಿಲು ಬಹಳ. ಅಜ್ಜಿಯನ್ನು ಅಲ್ಲಿ ಇಳಿಸಬಾರದು, ಮೇಲಿನಿಂದ ನೋಡಿದರೆ ಸಾಕು. ಶ್ರೀರಂಗಪಟ್ಟಣದ್ದು ಆದಿರಂಗ, ಶ್ರೀರಂಗದ್ದು ಅಂತ್ಯರಂಗ, ಇಲ್ಲಿಯದು ಮಧ್ಯರಂಗ. ಸ್ವಾಮಿಗೆ ಕೈ ಮುಗಿದು ಹನ್ನೊಂದು ಗಂಟೆಗೆ ಹೊರಟರೆ ಊಟ ಕೊಳ್ಳೇಗಾಲದಲ್ಲಿ. ಮಧ್ಯಾಹ್ನ ಮೂರೂವರೆ, ನಾಲ್ಕು ಗಂಟೆಗೆ ಬೆಟ್ಟ.

ಅಂದು ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಕೊಠಡಿಯಲ್ಲಿ ಅಜ್ಜಿ ಕಾಲು ಚಾಚಿ ಒಂದು ಗಂಟೆ ಮಲಗಲಿ. ಆಮೇಲೆ ಸ್ನಾನ, ಸಂಜೆ ಪೂಜೆ, ದಾಸೋಹದಲ್ಲಿ ಪ್ರಸಾದ. ಸನ್ನಿಧಿ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ರಾತ್ರಿ ಥಂಡಿ. ಸ್ವೆಟರು, ಕಂಬಳಿ ಬೇಕು.

ಎರಡನೇ ದಿನ ಬೆಳಿಗ್ಗೆ ಅಂತರಗಂಗೆ, ಮುಡಿ, ದರ್ಶನ, ಹರಕೆ ಇದ್ದಂತೆ ಹುಲಿವಾಹನ ಅಥವಾ ಬಸವವಾಹನ ಸೇವೆ. 2023ರ ಮಾರ್ಚಿನಲ್ಲಿ ಅನಾವರಣಗೊಂಡ 108 ಅಡಿಯ ಮಹದೇಶ್ವರ ಪ್ರತಿಮೆ ನೋಡಿಕೊಂಡು, ಊಟ ಮಾಡಿ, ಮಧ್ಯಾಹ್ನ ಒಂದು ಗಂಟೆಗೆ ಇಳಿದರೆ ಹಗಲಿನಲ್ಲೇ ಕಾಡು ದಾಟಿ, ದೀಪ ಹಚ್ಚುವ ಹೊತ್ತಿಗೆ ಮದ್ದೂರು ಸೇರಬಹುದು.

ಮುತ್ತತ್ತಿ, ತಲಕಾಡು ಈ ಸಾರಿ ಬಿಟ್ಟುಹೋಯ್ತಲ್ಲ ಎಂದು ಮೈದುನ ಗೊಣಗಬಹುದು. ಅವು ಮನೆಗೆ ಹತ್ತಿರದ ಜಾಗಗಳು, ಇನ್ನೊಂದು ಭಾನುವಾರಕ್ಕೆ ಆಗುತ್ತವೆ. ನಾಗಮಲೆಗೆ ಹೋಗಬೇಕೆಂದರೆ ಪೂರ್ತಿ ಒಂದು ದಿನ ಬೇರೆ ಬೇಕು, ಕಾಲಲ್ಲಿ ಶಕ್ತಿ ಇರಬೇಕು, ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಕಾಡಿನ ಮನೆ

ಸನ್ನಿಧಿಯ ಸುತ್ತ ಇರುವುದು 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ. ಆನೆ, ಚಿರತೆ, ಹುಲಿ ಎಲ್ಲವೂ ಇವೆ. 2025ರ ಜೂನ್‌ನಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಒಂದು ತಾಯಿಹುಲಿ, ನಾಲ್ಕು ಮರಿ ಇದೇ ಕಾಡಿನಲ್ಲಿ ಸತ್ತವು. ಹುಲಿಯನ್ನು ವಾಹನ ಮಾಡಿಕೊಂಡ ಸ್ವಾಮಿಯ ಒಕ್ಕಲಿಗೆ ಇದು ನೋವಿನ ವಿಷಯ. ಆದ್ದರಿಂದ ಘಾಟಿಯಲ್ಲಿ ಗಾಡಿ ನಿಲ್ಲಿಸಿ ಅಡಿಗೆ ಮಾಡುವುದು, ಉಳಿದ ಅನ್ನ, ಪ್ಲಾಸ್ಟಿಕ್ ಚೆಲ್ಲುವುದು, ಕೋತಿಗೆ ತಿಂಡಿ ಎಸೆಯುವುದು ಬೇಡ. ಬೀಡಿ ತುಂಡಿನಿಂದ ಒಂದು ಮಲೆಯೇ ಸುಟ್ಟುಹೋಗಬಹುದು.

ಶಿವರಾತ್ರಿಗೆ ಕಾಲ್ನಡಿಗೆಯಲ್ಲಿ ಬರುವವರಿಗೂ ಇದೇ ಮಾತು. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಪಾನಕ, ಅನ್ನ ಕೊಟ್ಟು ನೋಡಿಕೊಳ್ಳುತ್ತಾರೆ. ಆದರೆ ತಾಳಬೆಟ್ಟದಿಂದ ಮೇಲೆ ಒಂಟಿಯಾಗಿ ನಡೆಯಬಾರದು, ಕತ್ತಲಲ್ಲಂತೂ ಕೂಡದು. ಪೊಲೀಸರು, ಅರಣ್ಯದವರು ಹಾಕಿದ ವೇಳೆಯ ನಿರ್ಬಂಧವನ್ನು ತಪಾಸಣಾ ಠಾಣೆಯಲ್ಲಿ ಕೇಳಿ ತಿಳಿದು ಪಾಲಿಸಬೇಕು. ಕಾಡಿನೊಳಗೆ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಮಾದಪ್ಪ ಸುತ್ತೂರು ಮಠದಲ್ಲಿ ತಂಗಿ, ಕುಂತೂರು ಮಠದಲ್ಲಿ ತಂಗಿ, ಸೇವೆ ಮಾಡಿ, ಆಮೇಲೆ ಈ ಮಲೆಗೆ ಬಂದರೆಂದು ಕಂಸಾಳೆಯವರು ಹಾಡುತ್ತಾರೆ. ಸ್ವಾಮಿಯೇ ತಂಗಿ ತಂಗಿ ಬಂದ ದಾರಿಯಲ್ಲಿ ಭಕ್ತರಿಗೆ ಓಡುವ ಅಗತ್ಯ ಏನಿದೆ? ಹೊರಟಷ್ಟು ಜನವೂ ಸುಖವಾಗಿ ಮನೆ ಸೇರಿ ಪ್ರಸಾದ ಹಂಚಿದಾಗಲೇ ಯಾತ್ರೆ ಪೂರ್ತಿ ಆಗುವುದು.

ಉಘೇ ಮಾದಪ್ಪ.