ಕೆರೆದಂಡೆಯ ಕೋಣೆ ಹಿಡಿಯುವ ಮುನ್ನ

ವೈನ್ ಸವಿಯಬೇಕೆಂದರೆ ನಾಸಿಕದ ದಾರಿ ಹಿಡಿಯಿರಿ. ಕೊಲ್ಹಾಪುರದ್ದು ಕಬ್ಬಿನ ಸೀಮೆ, ಇಲ್ಲಿ ಆಲೆಮನೆಯ ಬಿಸಿ ಬೆಲ್ಲಕ್ಕೇ ಮನಸೋಲಬೇಕು. ರಂಕಾಳ ಕೆರೆಯ ದಂಡೆಯಲ್ಲಿ ಉಳಿದರೆ ಮಹಾಲಕ್ಷ್ಮಿ ಗುಡಿ ಹತ್ತಿರ, ಆದರೆ ಸಂಜೆ ಭೇಳ್ ಗಾಡಿಗಳ ಗದ್ದಲ ತಪ್ಪದು. ಸದ್ದಿಲ್ಲದ ಜಾಗ ಬೇಕೇ? ಭೋಗಾವತಿ ನದಿಗೆ ಶಾಹೂ ಮಹಾರಾಜರು ಕಟ್ಟಲು ತೊಡಗಿದ ರಾಧಾನಗರಿ ಜಲಾಶಯದ ಕಡೆ ಹೊರಡಿ. ಮುಂಗಡ ಕೊಡುವ ಮೊದಲು ಈ ವಾರದ ಫೋಟೊ ಕೇಳಿ. ಜಾಹೀರಾತಿನಲ್ಲಿ ತುಳುಕುವ ನೀರು ಮಳೆಗಾಲದ್ದು. ಮೇ ತಿಂಗಳಲ್ಲಿ ಕಿಟಕಿಯಾಚೆ ಬಿರುಕುಬಿಟ್ಟ ಕೆಸರೇ ಕಂಡೀತು. ದಾಜಿಪುರದ ಕಾಡುಕೋಣ ನೋಡುವ ಆಸೆಯಿದ್ದರೆ ಮಳೆಗಾಲ ಬೇಡ, ಅಭಯಾರಣ್ಯ ಆಗ ಮುಚ್ಚಿರುತ್ತದೆ. ಗಡಹಿಂಗ್ಲಜ, ಇಚಲಕರಂಜಿ ಕಡೆಯಿಂದ ಬರುವವರು ಚಳಿಗಾಲದಲ್ಲಿ ಕತ್ತಲಾಗುವುದರೊಳಗೆ ತಲುಪಿ; ಕಬ್ಬಿನ ಜೋಡಿ ಟ್ರೇಲರ್ ಹಿಂದೆ ಸಿಕ್ಕಿಕೊಂಡರೆ ಊಟದ ಹೊತ್ತು ಮೀರಿತೆಂದೇ ಲೆಕ್ಕ. ಹಳ್ಳಿಮನೆಯಲ್ಲಿ ತಾಂಬಡಾ-ಪಾಂಢರಾ ರಸ್ಸಾ (ಮಾಂಸದ ಕೆಂಪು-ಬಿಳಿ ಸಾರು) ಬೇಕೋ ಬೇಡವೋ, ಬೆಳಿಗ್ಗೆಯೇ ಹೇಳಿಬಿಡಿ.