ಮನೆ ಕಳವಾದ ಮೇಲೆ

ಎರಡು ದಿನ ಊರಿಗೆ ಹೋಗಿ ಚಾಮರಾಜಪೇಟೆಯ ನಿಮ್ಮ ಹಳೆಯ ಮನೆಗೆ ಮರಳಿದ್ದೀರಿ ಎಂದಿಟ್ಟುಕೊಳ್ಳಿ. ಬಾಗಿಲ ಬೀಗ ಮುರಿದಿದೆ. ಬೀರು ತೆರೆದು ಬಿದ್ದಿದೆ. ತಾಯಿಯವರ ಬಳೆಗಳಿಲ್ಲ, ತಂದೆಯವರ ಕೈಗಡಿಯಾರವಿಲ್ಲ. ನೆರೆಯವರು ಬಂದು, "ಹೋದರೆ ಹೋಯಿತು, ಜೀವ ಉಳಿಯಿತಲ್ಲ, ಸಬರ್ ಮಾಡಿ" ಎನ್ನುತ್ತಾರೆ. ಮಾತು ಸರಿಯೇ. ಆದರೆ ಕಣ್ಣೀರು ಬಂದ ಮಾತ್ರಕ್ಕೆ ಈಮಾನ್ ಕುಂದಿತೆಂದು ಭಾವಿಸಬೇಡಿ.

ಕೆಲವು ವಸ್ತುಗಳ ಬೆಲೆ ತಕ್ಕಡಿಗೆ ಸಿಗುವುದಿಲ್ಲ. 2015ರ ನವೆಂಬರ್‌ನಲ್ಲಿ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪುರವರ ಪದ್ಮ ಪ್ರಶಸ್ತಿಗಳ ಪದಕಗಳನ್ನು ಹೊತ್ತೊಯ್ದರು. ಅದಕ್ಕಾಗಿ ನೊಂದ ಕನ್ನಡಿಗರು ಆ ಲೋಹದ ತೂಕವನ್ನು ಲೆಕ್ಕಹಾಕಿ ನೊಂದವರಲ್ಲ. ನಿಮ್ಮ ತಾಯಿಯ ಬಳೆಗಳೂ ನಿಮಗೆ ಹಾಗೆಯೇ.

ಒಂದು ಪ್ರಯಾಣದಲ್ಲಿ ಹ. ಆಯಿಶಾ(ರ)ರ ಕಂಠಹಾರ ಕಳೆದುಹೋಯಿತು. ಅದು ಸಹೋದರಿ ಅಸ್ಮಾ(ರ)ರಿಂದ ಎರವಲು ಪಡೆದದ್ದು. ಪ್ರವಾದಿವರ್ಯರು(ಸ) ಅದನ್ನು ಹುಡುಕುವುದಕ್ಕಾಗಿ ಇಡೀ ತಂಡವನ್ನೇ, ನೀರಿಲ್ಲದ ಜಾಗದಲ್ಲಿ, ನಿಲ್ಲಿಸಿದರು. ಆಯಿಶಾ(ರ)ರನ್ನು ಗದರಿಸಿದ್ದು ತಂದೆ ಅಬೂಬಕರ್(ರ), ಪ್ರವಾದಿವರ್ಯರಲ್ಲ. ತಯಮ್ಮುಮ್‌ನ ವಿಧಿ ಅವತೀರ್ಣವಾದದ್ದು ಆ ಸಂದರ್ಭದಲ್ಲೇ. ಕೊನೆಗೆ ಒಂಟೆಯನ್ನೆಬ್ಬಿಸಿದಾಗ ಹಾರ ಅದರಡಿಯಲ್ಲಿತ್ತೆಂದು ಬುಖಾರಿಯಲ್ಲಿ ವರದಿಯಾಗಿದೆ.

ಹೀಗಿರುವಾಗ ಹುಡುಕುವುದು ಸಹನೆಗೆ ವಿರುದ್ಧವಲ್ಲ. ಯಾವುದನ್ನೂ ಮುಟ್ಟದೆ 112ಕ್ಕೆ ಕರೆ ಮಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು; ಎಫ್‌ಐಆರ್‌ನ ಪ್ರತಿ ಉಚಿತ. ಹಳೆಯ ಒಡವೆಗೆ ಗುರುತಿನ ಸಂಖ್ಯೆ ಇರುವುದಿಲ್ಲವಾದ್ದರಿಂದ ಅದನ್ನು ಧರಿಸಿದ ಮದುವೆಯ ಫೋಟೋಗಳೇ ಆಧಾರ. ಮಹ್ರ್‌ನ ಒಡವೆ ಪತ್ನಿಯ ಸೊತ್ತು. ಪಟ್ಟಿಯಲ್ಲಿ ಅದನ್ನು ಅವಳ ಹೆಸರಿನಲ್ಲೇ ಬರೆಸಿ. (ನಮ್ಮ ಗಂಡಸರು ಇದನ್ನು ಮರೆಯುವುದೇ ಹೆಚ್ಚು.) ಮಾಲು ಸಿಕ್ಕರೆ ಮೊಕದ್ದಮೆ ಮುಗಿಯುವ ತನಕ ಕಾಯಬೇಕಿಲ್ಲ. ಚಿತ್ರ ತೆಗೆದು, ಪಂಚನಾಮೆ ಮಾಡಿ, ಮುಚ್ಚಳಿಕೆ ಪಡೆದು ವಾರಸುದಾರರಿಗೆ ಕೊಡಬೇಕೆಂದು 2002ರಲ್ಲೇ ಸುಪ್ರೀಮ್ ಕೋರ್ಟ್ ಹೇಳಿದೆ.

ನಿಜವಾದ ಪರೀಕ್ಷೆ ಇನ್ನೊಂದಿದೆ. "ಯಾರ ಮೇಲಾದರೂ ಅನುಮಾನವಿದೆಯೇ?" ಎಂದು ಪೋಲೀಸರು ಕೇಳುತ್ತಾರೆ. ಥಟ್ಟನೆ ನಾಲಿಗೆಗೆ ಬರುವುದು ಪಾತ್ರೆ ತೊಳೆಯುವ ಹೆಂಗಸಿನ ಹೆಸರು, ಇಲ್ಲವೇ ಕಳೆದ ವಾರ ಸುಣ್ಣ ಬಳಿದುಹೋದ ಹುಡುಗನದು. ಅವರು ಬಡವರೆಂಬುದಲ್ಲದೆ ಬೇರಾವ ಸಾಕ್ಷ್ಯ ನಿಮ್ಮಲ್ಲಿದೆ? ಯಾರ ಬಳಿ ಕೀಲಿಯಿತ್ತು, ಯಾರು ಬಂದುಹೋದರು ಎಂಬುದನ್ನು ಇದ್ದಂತೆ ಹೇಳಿ. ಊಹೆಯನ್ನು ಹೇಳಬೇಡಿ. ಕೆಲವು ಗುಮಾನಿಗಳು ಪಾಪವೇ ಆಗಿವೆಯೆಂದು ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಬಳೆ ಮುಂದೆಂದಾದರೂ ಸಿಕ್ಕೀತು. ನಿಮ್ಮ ಒಂದು ಮಾತಿನಿಂದ ಠಾಣೆಯ ಮೆಟ್ಟಿಲು ಹತ್ತಿದ ನಿರಪರಾಧಿ ಹೆಂಗಸನ್ನು ಆ ಬೀದಿಯಲ್ಲಿ ಮತ್ತೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಪುನರುತ್ಥಾನ ದಿನದಂದು ಫಿರ್ಯಾದಿ ನೀವಾಗಿರುವುದಿಲ್ಲ, ಆಕೆಯಾಗಿರುತ್ತಾಳೆ.

ಅಂಜನ ಹಾಕಿಸುವವರು, ಮಗುವಿನ ಹೆಬ್ಬೆರಳಿಗೆ ಮಸಿ ಹಚ್ಚಿ 'ಹಾಜರಾತ್' ನೋಡಿಸುವವರು ನಮ್ಮಲ್ಲೂ ಇದ್ದಾರೆ. ಆ ಮಗುವಿನ ಬಾಯಿಂದ ಹೊರಡುವುದೂ ಹೆಚ್ಚಾಗಿ ಅದೇ ಬಡವರ ಹೆಸರು! ಭವಿಷ್ಯಗಾರನ ಬಳಿ ಹೋಗಿ ಕೇಳಿದವನ 40 ದಿನಗಳ ನಮಾಝ್ ಸ್ವೀಕೃತವಾಗದೆಂದು ಮುಸ್ಲಿಮ್‌ನ ಹದೀಸ್‌ನಲ್ಲಿದೆ.

ಕಳ್ಳನನ್ನು ಶಪಿಸಬಹುದೇ? ಆಯಿಶಾ(ರ)ರ ಹೊದಿಕೆ ಕಳವಾದಾಗ ಅವರು ಕಳ್ಳನನ್ನು ಶಪಿಸತೊಡಗಿದರು. ಹಾಗೆ ಮಾಡಿ ಅವನ ಹೊರೆಯನ್ನು ಹಗುರಗೊಳಿಸಬೇಡವೆಂದು ಪ್ರವಾದಿವರ್ಯರು(ಸ) ಅವರನ್ನು ತಡೆದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ನೆಟ್ಟ ಗಿಡದಿಂದ ಕಳವಾದ ಫಲವೂ ನೆಟ್ಟವನ ಪಾಲಿಗೆ ಸದಕಃ ಎಂದು ಕಲಿಸಿದವರೂ ಅವರೇ.

ರಮಝಾನ್ ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಕಳವಾದ ಚಿನ್ನಕ್ಕೆ ಝಕಾತ್ ಇದೆಯೇ? ಹನಫೀ ಮದ್‌ಹಬ್‌ನಂತೆ, ಮರಳಿ ಸಿಗುವ ಭರವಸೆಯೇ ಇಲ್ಲದೆ ಹೋದ ಸೊತ್ತಿಗೆ ಆ ವರ್ಷಗಳ ಝಕಾತ್ ಇಲ್ಲ. ಕೈಸೇರಿದ ಬಳಿಕವೇ ಲೆಕ್ಕ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ, ಸೊತ್ತು ಮರಳಿ ಸಿಕ್ಕಾಗ ಕಳೆದ ವರ್ಷಗಳದ್ದನ್ನೂ ಕೊಡಬೇಕು. ಆದರೆ ಸ್ತ್ರೀಯರು ಸಾಮಾನ್ಯವಾಗಿ ಧರಿಸುವ ಒಡವೆಗೆ ಅವರಲ್ಲಿ ಝಕಾತ್ ಇಲ್ಲವಾದ್ದರಿಂದ ಇದು ಅನ್ವಯಿಸುವುದು ಗಟ್ಟಿ ಚಿನ್ನ, ನಗದು ಮೊದಲಾದವುಗಳಿಗೆ.